ಸ್ಟ್ರಾಂಗ್ ಆಗಿರಮ್ಮ

ನಮ್ಮ ಜಯನಗರದ ಮನೆಯಲ್ಲಿ 'ಸ್ಟ್ರಾಂಗ್' ಅನ್ನುವುದು ಇಂಗ್ಲಿಷ್ ಪದ ಅಂತ ಯಾರಿಗೂ ಅನ್ನಿಸಿದ್ದೇ ಇಲ್ಲ. ಅಪ್ಪನಿಗೆ ಕಾಫಿ ಸ್ಟ್ರಾಂಗ್ ಆಗಿರಬೇಕು, ಅದೂ ಫಸ್ಟ್ ಡಿಕಾಕ್ಷನ್ನಿನದೇ. ಹೊಲಿಗೆ ಸ್ಟ್ರಾಂಗಾಗಿಲ್ಲ ಅಂತ ಅಮ್ಮ ಒಂದೇ ಬ್ಲೌಸನ್ನು ಎರಡು ಸಲ ಟೈಲರಿಗೆ ವಾಪಸ್ ಕೊಟ್ಟು ಬಂದಿದ್ದಳು. ನನಗೆ ಗಂಡು ನೋಡುತ್ತಿದ್ದ ಕಾಲದಲ್ಲಿ ನೆಂಟರೊಬ್ಬರು "ಹುಡುಗನ ಕಡೆಯವ್ರು ಸಖತ್ ಸ್ಟ್ರಾಂಗು" ಅಂದಿದ್ದರು. ಪೈಲ್ವಾನರ ಮನೆಗೆ ನಾನು ಹೋಗಲ್ಲ ಅಂತ ತಮಾಷೆ ಮಾಡಿದ್ದೆ. ಆ ಸಂಬಂಧವೂ ಕೂಡಲಿಲ್ಲ, ಮುಂದೆ ಬಂದವೂ ಕೂಡಲಿಲ್ಲ. ನಾನು ಅಪ್ಪ ಅಮ್ಮನ ಜೊತೆಯಲ್ಲೇ ಉಳಿದೆ.

ಅಪ್ಪ ಹೋದ ಮೇಲೆ ಆ ಪದವನ್ನು ಎಲ್ಲರಿಗಿಂತ ಹೆಚ್ಚು ಬಳಸಿದವಳು ನಾನೇ. ಅವತ್ತು ಬೆಳಿಗ್ಗೆ ಆಫೀಸಿಗೆ ಹೊರಟು ಬನಶಂಕರಿ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕದ ಮನೆಯವರ ಫೋನ್ ಬಂತು. ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ಅಮ್ಮನ ಬಿಪಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ಇವರನ್ನ ಹುಷಾರಾಗಿ ನೋಡ್ಕೊಳ್ಳಿ" ಅಂದರು. ಅವರು ಹೇಳಿದ್ದು ಅಷ್ಟೇ. ಮಿಕ್ಕಿದ್ದೆಲ್ಲ ನನ್ನ ಸ್ವಂತ ಬುದ್ಧಿ.

ನಮ್ಮಲ್ಲಿ ಸಾವಿನ ಮನೆಗೆ ಬಂದ ಹೆಂಗಸರು ಸತ್ತವರ ಹೆಂಡತಿಯ ಪಕ್ಕ ಕೂತು, ಕೈ ಹಿಡಿದು, "ಹೇಗಾಯ್ತು?" ಅಂತ ಕೇಳುತ್ತಾರೆ. ಆಕೆ ಹೇಳುತ್ತಾಳೆ, ಅಳುತ್ತಾಳೆ. ಇನ್ನೊಬ್ಬರು ಬಂದರೆ ಮತ್ತೆ ಮೊದಲಿಂದ ಹೇಳುತ್ತಾಳೆ. ಈ ಪದ್ಧತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಾಯ ಕೆದಕುವುದಕ್ಕೇ ಬರುತ್ತಾರೆ ಅಂತ ಬೈದುಕೊಂಡು, ಹದಿಮೂರು ದಿನವೂ ಗೇಟಿನ ಹತ್ತಿರ ಕಾವಲು ನಿಂತೆ.

"ಆಂಟಿ, ಏನೂ ಕೇಳ್ಬೇಡಿ, ಅಮ್ಮಂಗೆ ಬಿಪಿ ಇದೆ. ಅಳ್ಬೇಡಿ, ಪ್ಲೀಸ್."

ಬಂದವರು ತಲೆಯಾಡಿಸಿ ಒಳಗೆ ಹೋಗಿ, ಮೆಟ್ರೋ ವಿಷಯ ಮಾತಾಡಿ, ಸಾವಿನ ಮನೆಯಲ್ಲಿ ಹೇಳಬಾರದು ಅಂತ 'ಬರ್ತೀನಿ' ಕೂಡ ಅನ್ನದೆ ಎದ್ದು ಹೋಗುತ್ತಿದ್ದರು. ಅಮ್ಮನ ಕಣ್ಣು ತುಂಬಿದರೆ ನಾನು ನೀರಿನ ಲೋಟ ಹಿಡಿದು, "ಸ್ಟ್ರಾಂಗ್ ಆಗಿರಮ್ಮ" ಅನ್ನುತ್ತಿದ್ದೆ. ಅಮ್ಮ ನುಂಗಿಕೊಳ್ಳುತ್ತಿದ್ದಳು. ವೈಕುಂಠ ಸಮಾರಾಧನೆಗೆ ಬಂದವರೆಲ್ಲ "ನಿಮ್ಮಮ್ಮ ತುಂಬಾ ಸ್ಟ್ರಾಂಗು" ಅಂದಾಗ ನನಗೆ ಹೆಮ್ಮೆಯಾಗಿತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆರು ತಿಂಗಳ ಮೇಲೆ, ನಮ್ಮ ಬೀದಿಯ ತಿರುವಿನಲ್ಲಿ ಹೂ ಮಾರುವ ಹೆಂಗಸಿನ ಗಂಡ ತೀರಿಕೊಂಡ. ಅಮ್ಮ ದೇವರಿಗೆ ದಿನಾ ಹೂ ತೆಗೆದುಕೊಳ್ಳುತ್ತಿದ್ದದ್ದು ಆಕೆಯ ಹತ್ತಿರವೇ. ಮಾತಾಡಿಸಿಕೊಂಡು ಬರಲೇಬೇಕು ಅಂತ ಹಟ ಹಿಡಿದಳು. ನಾನು ಗೊಣಗುತ್ತಲೇ ಆಟೋದಲ್ಲಿ ಕತ್ರಿಗುಪ್ಪೆಯಲ್ಲಿದ್ದ ಆಕೆಯ ಮನೆಗೆ ಕರೆದುಕೊಂಡು ಹೋದೆ. ಅಮ್ಮ ಆ ಒಂದೇ ಕೋಣೆಯ ಮನೆಯೊಳಗೆ ಹೋದಳು. ನಾನು ಆಫೀಸಿನ ಫೋನು ಮುಗಿಸಿ ಬಾಗಿಲಿಗೆ ಬಂದಾಗ ಅಮ್ಮ ಆಕೆಯ ಕೈ ಹಿಡಿದುಕೊಂಡು, "ಹೇಗಾಯ್ತಮ್ಮ?" ಅಂತ ಕೇಳುತ್ತಿದ್ದಳು. ಆಕೆ ಹೇಳಿದಳು, ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ನಿಮ್ ಯಜಮಾನ್ರಿಗೆ ಹೆಂಗಾಯ್ತು ಅಮ್ಮಾವ್ರೇ? ಆವಾಗ ಬಂದಿದ್ದೆ, ಗೇಟಲ್ಲೇ ಏನೂ ಕೇಳ್ಬೇಡ ಅಂದ್ಬಿಟ್ರು" ಅಂದಳು.

ಅಮ್ಮ ಆಕೆಯ ಕೈ ಬಿಡದೆಯೇ ಹೇಳತೊಡಗಿದಳು.

"ಇಲ್ಲಿ ಬಾ, ಸ್ವಲ್ಪ ಕೂತ್ಕೋ ಅಂದ್ರಮ್ಮ. ಒಲೆ ಮೇಲೆ ಒಗ್ಗರಣೆಗೆ ಇಟ್ಟಿದ್ದೆ. ಬಂದೆ ಇರಿ, ಅಂದೆ. ಇನ್ನೊಂದ್ಸಲ ಕರೆದ್ರು. ಅದೇನು ಅವಸರ ನಿಮ್ಗೆ, ಅಂತ ರೇಗ್ಬಿಟ್ಟೆ. ಒಲೆ ಆರಿಸಿ ಹೋಗಿ ನೋಡ್ತೀನಿ, ಅಷ್ಟೊತ್ತಿಗೆ ಹೋಗ್ಬಿಟ್ಟಿದ್ರು."

ನನಗೆ ಇದು ಗೊತ್ತೇ ಇರಲಿಲ್ಲ. ಆರು ತಿಂಗಳು ದಿನಾ ಎದುರುಬದುರು ಕೂತು ಊಟ ಮಾಡಿದ್ದೆವು. ಅಪ್ಪ ಎರಡು ಸಲ ಕರೆದಿದ್ದರು ಅನ್ನುವುದನ್ನು ಅಮ್ಮ ಒಬ್ಬಳೇ ಹೊತ್ತುಕೊಂಡಿದ್ದಳು. ಈಗ ಗೋಡೆಗೆ ಒರಗಿ ಬಾಯಿಬಿಟ್ಟು ಅಳುತ್ತಿದ್ದಳು. ನಾಲ್ಕು ದಿನದ ಹಿಂದೆ ಗಂಡನನ್ನು ಕಳೆದುಕೊಂಡ ಆ ಹೆಂಗಸು ಅಮ್ಮನ ಬೆನ್ನು ಸವರುತ್ತಿದ್ದಳು. ಅಮ್ಮನನ್ನು ತಬ್ಬಿಕೊಳ್ಳಬೇಕು ಅನ್ನಿಸಿ ಒಳಗೆ ಕಾಲಿಟ್ಟೆ.

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ತಕ್ಷಣ ಅಳು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನೆಟ್ಟಗೆ ಕೂತಳು.

"ಏನಿಲ್ಲಮ್ಮ, ಚೆನ್ನಾಗಿದೀನಿ" ಅಂದಳು.