ಅಜ್ಜಿಯ ಬೈಗುಳದ ಎರಡು ತುಂಡು

ನನ್ನ ಅಜ್ಜಿಯ ಒಂದು ಬೈಗುಳದ ಮೊದಲರ್ಧ ಗುಂಡ್ಲುಪೇಟೆಯಲ್ಲಿತ್ತು, ಉಳಿದರ್ಧ ಚಾಮರಾಜನಗರದಲ್ಲಿ. ಅವೆರಡನ್ನೂ ಒಂದು ಕಡೆ ಕೂರಿಸಲು ನಾನು ಪಟ್ಟ ಪಾಡನ್ನು ಹೆಣ್ಣು ಹೆತ್ತವರೂ ಸಂಬಂಧ ಕುದುರಿಸಲು ಪಟ್ಟಿರಲಾರರು.

ಹಿಂದೆ ಗುಂಡ್ಲುಪೇಟೆಯ ಕೇಬಲ್ ಹುಡುಗರು ವಾರಕ್ಕೊಂದು ಸಂಜೆ ಒಂದು ತಮಾಷೆ ಕಾರ್ಯಕ್ರಮ ಬಿಡುತ್ತಿದ್ದರು. ಅದಕ್ಕೆ ದೊಡ್ಡವರು ಚಿಕ್ಕವರು ಎಂಬುದಿರಲಿಲ್ಲ. ಪುರಸಭೆ ಮೆಂಬರ್ರು, ಸ್ವಾಮಿಗಳು, ಇನ್ಸ್‌ಪೆಕ್ಟರ್ರು, ಎಲ್ಲರ ಮಾನವೂ ಹರಾಜು. ಒಂದು ಸಲ ಅಜ್ಜಿಯ ಮನೆ ಅಂಗಳದಲ್ಲಿ ಶೂಟಿಂಗ್ ಮಾಡುತ್ತ ಒಣಹಾಕಿದ್ದ ಹುರುಳಿ ತುಳಿದರು. ಅಜ್ಜಿ ಒಳಗಿನಿಂದಲೇ ಅವರ ಜನ್ಮ ಜಾಲಾಡಿದಳು. ಕ್ಯಾಮೆರಾ ಓಡುತ್ತಲೇ ಇತ್ತು. ಅದು ಪ್ರಸಾರವಾದ ಮಾರನೆಯ ದಿನ ಸಂತೆಯಲ್ಲೆಲ್ಲ ಒಂದೇ ಮಾತು: "ಆ ಬಯ್ಯೋ ಮುದ್ಕಿ ಯಾರ್ಲಾ?"

ಅಲ್ಲಿಂದ ಪ್ರತಿ ವಾರವೂ ಅಜ್ಜಿ ಇರಲೇಬೇಕಾಯಿತು. ಮುಖ ಕಾಣಿಸುತ್ತಿರಲಿಲ್ಲ, ಬಾಗಿಲ ಹಿಂದಿನ ಗಂಟಲು ಮಾತ್ರ. ಕಾಗದದ ಹಾರ ಹಾಕಿಕೊಂಡ ಮೆಂಬರ್ ವೇಷದ ಹುಡುಗ ನೀರಿಲ್ಲದ ನಲ್ಲಿ ಉದ್ಘಾಟಿಸಿ, "ನೀರು ಬತ್ತಾ ಅದಾ ಅಜ್ಜಿ?" ಎಂದು ಕೇಳುವ ಒಂದು ಕಂತಿತ್ತು. ಅದಕ್ಕೆ ಅಜ್ಜಿ ಕೊಟ್ಟ ಉತ್ತರ ಸುತ್ತ ಹತ್ತೂರಿನಲ್ಲಿ ಪ್ರಸಿದ್ಧ. ಈಗಲೂ ಅದನ್ನು ನೆನೆದು ನಗುವವರಿದ್ದಾರೆ. ಏನಂದಳು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು.

ನಾನದನ್ನು ಕೇಳಲೇ ಇಲ್ಲ. ಆಗ ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ಕೆಲಸ, ಅಲ್ಲಿ ಟೀವಿಯಿಲ್ಲ. ರಜೆಗೆ ಬಂದು, ಏನಂದೆ ಹೇಳಜ್ಜಿ ಎಂದು ಗೋಗರೆದರೆ, "ಬಯ್ದದ್ದ ಇನ್ನೊಂದ್ಸಲ ಬಯ್ಯಕ್ಕಾದ್ದಾ? ಅದ್ಕೆ ಕ್ವಾಪ ಬರ್ಬೇಕು ಕಣ್ಲಾ" ಎಂದಳು. ಮಾತು ಕಲಿತದ್ದೇ ಅವಳ ಬಾಯಿಂದ. ಆದರೆ ಅವಳು ಹೋದ ಮೇಲೆ ಅವಳ ದನಿ ನಮ್ಮ ಮನೆಯಲ್ಲಿ ಎಲ್ಲಿಯೂ ಇರಲಿಲ್ಲ. ಕೇಬಲ್‌ನವರಲ್ಲೂ ಇರಲಿಲ್ಲ. ಅವರು ಇದ್ದ ಕ್ಯಾಸೆಟ್ಟಿನ ಮೇಲೇ ಮುಂದಿನ ವಾರದ್ದನ್ನು ತುಂಬುತ್ತಿದ್ದರು.

ಉಳಿದದ್ದು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡ ಅಭಿಮಾನಿಗಳ ಹತ್ತಿರ. ಅದೂ ಅರ್ಧರ್ಧ. ಕೇಬಲ್‌ನವರ ಜನರೇಟರಿನಿಂದ ಕಾರ್ಯಕ್ರಮ ಎರಡೂ ಊರಿಗೆ ಒಂದೇ ಹೊತ್ತಿಗೆ ಬರುತ್ತಿತ್ತು, ಕರೆಂಟು ಬರುತ್ತಿರಲಿಲ್ಲ. ಕಾರ್ಯಕ್ರಮದ ನಡುವೆಯೇ ಗುಂಡ್ಲುಪೇಟೆಯಲ್ಲಿ ತೆಗೆದು ಚಾಮರಾಜನಗರಕ್ಕೆ ಕೊಡುತ್ತಿದ್ದರು. ಹಾಗಾಗಿ ಗುಂಡ್ಲುಪೇಟೆಯವರ ಬಳಿ ಬರೀ ತಲೆಗಳು, ಚಾಮರಾಜನಗರದವರ ಬಳಿ ಬರೀ ಬಾಲಗಳು. ತಲೆಗೊಂದು ಬಾಲ, ಬಾಲಕ್ಕೊಂದು ತಲೆ ಎಂದು ವಿನಿಮಯ ಮಾಡಿಕೊಳ್ಳುವುದು ಇವತ್ತಿಗೂ ನಡೆದಿದೆ.

ನಲ್ಲಿ ಕಂತಿನ ತಲೆ ಇದ್ದದ್ದು ಗುಂಡ್ಲುಪೇಟೆಯ ಒಬ್ಬ ಈರುಳ್ಳಿ ವ್ಯಾಪಾರಿಯ ಹತ್ತಿರ. ಬಾಲ ಇದ್ದದ್ದು ಚಾಮರಾಜನಗರದ ಒಬ್ಬ ಗುಮಾಸ್ತರ ಹತ್ತಿರ. ಇಬ್ಬರೂ ಮೊದಲು ಕೊಡುವವರಲ್ಲ.

"ಮೊದ್ಲು ಅವ್ನು ಕೊಡ್ಲಿ, ಆಮೇಕೆ ನಾನ್ ಕೊಟ್ಬುಡ್ತೀನಿ" ಎಂದ ವ್ಯಾಪಾರಿ. "ಅವ್ನು ಫೋನ್ಗೆ ಏರುಸ್ಕೊಂಡು ಊರ್ಗೆಲ್ಲ ಅಂಚ್ಬುಟ್ರೆ ನನ್ನದ್ನ ಯಾವನ್ಲಾ ಕೇಳಾನು?"

"ಈರುಳ್ಳಿ ಯಾಪಾರದೋನ್ನ ನಂಬದಾ?" ಎಂದರು ಗುಮಾಸ್ತರು. "ಮೂಟೆ ಮ್ಯಾಲೆ ಒಳ್ಳೇದ್ನ ತುಂಬ್ತಾನೆ, ತಳ್ದಲ್ಲಿ ಕೊಳ್ತಿರದ್ನ."

ನಿಮ್ಮಿಬ್ಬರ ಜಗಳ ಏನಾದರೂ ಇರಲಿ, ಅದು ನಮ್ಮಜ್ಜಿ ಎಂದೆ. "ನಿಮ್ಮಜ್ಜಿ ಸರಿ, ಕ್ಯಾಸೆಟ್ಟು ನಂದಲ್ವಾ?" ಎಂದರು ಇಬ್ಬರೂ, ಬೇರೆ ಬೇರೆ ದಿನ, ಒಂದೇ ಮಾತು. ಬಸ್ಸು ಹತ್ತಿ ಇಳಿದು ಇಳಿದು ನನ್ನ ಮಂಡಿ ಸವೆಯಿತು. ಒಂದು ಸಲ ಗುಮಾಸ್ತರು ಒಪ್ಪಿದರೆ ವ್ಯಾಪಾರಿ ಲಾರಿಯ ಜೊತೆ ಕೇರಳಕ್ಕೆ ಹೋಗಿದ್ದ. ಅವನು ಬಂದ ಮೇಲೆ ಗುಮಾಸ್ತರ ಮನಸ್ಸು ತಿರುಗಿತ್ತು.

ಕಡೆಗೆ ಎರಡೂರಿನ ನಡುವಿನ ತೆರಕಣಾಂಬಿಯಲ್ಲಿ, ಹಳೆಯ ವಿಸಿಆರ್ ಇನ್ನೂ ಓಡುತ್ತಿದ್ದ ಒಂದು ಮದುವೆ ಸ್ಟುಡಿಯೋದಲ್ಲಿ, ಇಬ್ಬರನ್ನೂ ಸೇರಿಸಿದೆ. ಎರಡೂ ಕ್ಯಾಸೆಟ್ಟು ನನ್ನ ತೊಡೆಯ ಮೇಲಿರಬೇಕು, ಬಾಗಿಲು ಹಾಕಿರಬೇಕು, ಯಾರ ಕೈಯಲ್ಲೂ ಫೋನಿರಬಾರದು ಎಂದು ಮಾತಾಯಿತು. ಬೀಗರ ಹಾಗೆ ಇಬ್ಬರೂ ಎದುರುಬದುರು ಕೂತರು.

ಮೊದಲು ತಲೆ. ಮಳೆ ಹೊಯ್ದಂಥ ಚಿತ್ರದಲ್ಲಿ ಅಜ್ಜಿಯ ಅಂಗಳ, ಅಜ್ಜಿಯ ಬಾಗಿಲು. ಮೆಂಬರ್ ವೇಷದವನು ನಲ್ಲಿ ತಿರುಗಿಸಿದ, ಕಾಗದದ ಹಾರ ಸರಿಮಾಡಿಕೊಂಡ. "ನೀರು ಬತ್ತಾ ಅದಾ ಅಜ್ಜಿ?" ಒಳಗಿನಿಂದ ಬಳೆ ಸದ್ದು, ಗಂಟಲು ಸರಿಮಾಡಿಕೊಂಡ ಸದ್ದು. "ಲೋ, ಹಾರ ಹಾಕ್ಕಂಡೋನೆ—"

ಪರದೆ ಕಪ್ಪಾಯಿತು. ಗುಂಡ್ಲುಪೇಟೆಯ ಕರೆಂಟು ಹೋಗಿತ್ತು.

ಬಾಲ ಹಾಕಿದೆ. ಗೆರೆಗಳು ಓಡಿದವು, ಚಿತ್ರ ನಿಂತಿತು. ಮೆಂಬರ್ ವೇಷದವನು ತಲೆ ತಗ್ಗಿಸಿ ನಿಂತಿದ್ದ. ಹಾರ ಹರಿದು ಕೈಯಲ್ಲಿತ್ತು. ಕ್ಯಾಮೆರಾ ಹಿಡಿದ ಹುಡುಗರ ನಗು ತಡೆಯದೆ ಅಂಗಳವೇ ಅಲ್ಲಾಡುತ್ತಿತ್ತು. ಬಾಗಿಲ ಹಿಂದಿನಿಂದ ಅಜ್ಜಿ ಸಮಾಧಾನವಾಗಿ ಕೇಳಿದಳು: "ಅಂದೆ. ಕೇಳುಸ್ತೇನ್ಲಾ?"

ನಾನು ಗುಮಾಸ್ತರ ಕಡೆ ತಿರುಗಿದೆ. "ನಡುವಿನದೆಲ್ಲಿ?"

"ಕರೆಂಟು ಬಂದ್ಮೇಲೆ ಎದ್ದೋಗಿ ಗುಂಡಿ ಒತ್ಬೇಕಲ್ಲಪ್ಪ" ಎಂದರು. "ನಾನೂ ಉಣ್ತಾ ಕೂತಿದ್ದೆ."

"ಏನಂದ್ಲು, ಅದಾದ್ರೂ ಯೋಳಿ!"

"ಟೀವಿ ಹಚ್ಚೋವತ್ಗೆ ಬರೀ ನಗೂನೇ ಇತ್ತು ಕಣಪ್ಪ."

ವ್ಯಾಪಾರಿ ನಗುತ್ತ ತೊಡೆ ತಟ್ಟಿದ. "ಓಗ್ಲಿ ಬುಡು, ಒಂಚೂರು ಹೋದ್ರೆ ಏನಾಯ್ತು? ಕತೆ ಕೂಡ್ಕತ್ತಲ್ಲ!" ಗುಮಾಸ್ತರೂ ಹೂಂಗುಟ್ಟಿದರು. ಅಷ್ಟು ದಿನ ಮುಖ ನೋಡದೆ ಮುನಿಸಿಕೊಂಡಿದ್ದ ಇಬ್ಬರೂ ನನ್ನ ತೊಡೆಯ ಮೇಲಿಂದಲೇ ಕೈ ಕುಲುಕಿದರು, ಮುಂದೆ ಯಾವ ತಲೆಗೆ ಯಾವ ಬಾಲ ಎಂದು ಮಾತಿಗಿಳಿದರು. ಅವರಿಗೆ ಕಂತು ಪೂರ್ತಿಯಾಗಿತ್ತು.

ಸ್ಟುಡಿಯೋದವನು ನನ್ನ ಮುಖ ನೋಡಿ, "ಇನ್ನೊಂದ್ಸಲ ಹಾಕನಾ ಅಣ್ಣ?" ಎಂದ. ಹಾಕಿದ. ಗೆರೆಗಳು ಓಡಿದವು.

"ಅಂದೆ. ಕೇಳುಸ್ತೇನ್ಲಾ?"

"ಇಲ್ಲ ಕಣಜ್ಜಿ" ಎಂದೆ.