ಮುರಿದ ಸೂಜಿಯ ಮೊನೆ ಹುಡುಕುವ ಕುಂಯ್ಯಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಸಿದ್ಧ ಉಡುಪಿನ ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಐವತ್ತೆರಡರ ಹೆಂಗಸೊಬ್ಬರು ಮರದ ಮೇಜು ಒರೆಸಿ, ಅಂಗೈಯಗಲದ ಯಂತ್ರವೊಂದಕ್ಕೆ ಹೊಸ ಬ್ಯಾಟರಿ ಹಾಕುತ್ತಿದ್ದಾರೆ. ಬಟ್ಟೆಯೊಳಗಿನ ಲೋಹ ಪತ್ತೆ ಹಚ್ಚುವ ಯಂತ್ರವಿದು, ನೋಡಲು ಇಸ್ತ್ರಿಪೆಟ್ಟಿಗೆಯ ತಮ್ಮನ ಹಾಗಿದೆ. ಇವರ ಬಗ್ಗೆ ಬರೆಯಲೆಂದು ಬಂದ ನಾನು ಹತ್ತಿರ ಬಾಗಿದ್ದೇ ತಡ, ಕುಂಯ್ ಎಂದು ಕಿರುಚುತ್ತದೆ.

"ಸ್ವಲ್ಪ ಆಚೆ ನಿಂತ್ಕೊಳ್ಳಿ ಸಾರ್. ಬೆಲ್ಟು, ವಾಚು, ಪೆನ್ನು... ಮೈತುಂಬ ಬರೀ ಕಬ್ಬಿಣ!"

ಬೈಸಿಕೊಂಡು ಆಚೆ ನಿಲ್ಲುತ್ತೇನೆ. ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಕುಂಯ್ಯಕ್ಕ ಎಂದೇ. ಅವರ ಮೈಮೇಲೆ ಒಂದು ಪಿನ್ನೂ ಇಲ್ಲ. ಜಡೆಗೆ ಬಟ್ಟೆಯ ಚೂರು, ಅಂಗಿಗೆ ಪ್ಲಾಸ್ಟಿಕ್ ಗುಂಡಿ, ಕಿವಿ ಬೋಳು. "ಮದುವೆಮನೆಗೆ ಹೊರಟ್ರೂ ಓಲೆ ಹಾಕ್ಕೊಳ್ಳೋದು ಮರೀತಾಳೆ ಮಹರಾಯ್ತಿ," ಎಂದು ನಿನ್ನೆ ತಮ್ಮ ಕ್ಷೌರದಂಗಡಿಯಲ್ಲಿ ಅವರ ಗಂಡ ನಕ್ಕಿದ್ದರು.

ಬ್ಯಾಟರಿಯಾದ ಮೇಲೆ ಹದ ನೋಡುವ ಕೆಲಸ. ಅರ್ಧ ಸಾಸಿವೆಯಷ್ಟು ಕಬ್ಬಿಣದ ಕಾಳು ಕೂರಿಸಿದ ಪ್ಲಾಸ್ಟಿಕ್ ಕಡ್ಡಿಯನ್ನು ಮಡಿಸಿದ ಬಟ್ಟೆಯ ಕೆಳಗಿಟ್ಟು, ಮೇಲೆ ಯಂತ್ರ ಆಡಿಸುತ್ತಾರೆ. ಸದ್ದಿಲ್ಲ. ಯಂತ್ರದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಕುಂಯ್!

"ಜಾಸ್ತಿ ತಿರುಗಿಸಿದ್ರೆ ನೆಲದೊಳಗಿನ ಕಂಬಿಗೂ ಅಳುತ್ತೆ. ಕಮ್ಮಿ ಮಾಡಿದ್ರೆ ನಿದ್ದೆ ಹೊಡೆಯುತ್ತೆ. ಥೇಟ್ ನಮ್ಮ ಮನೆಯವ್ರ ಥರ."

ಹದಿನಾಲ್ಕು ವರ್ಷ ಇದೇ ಮಹಡಿಯಲ್ಲಿ ಕಾಲರ್ ಹೊಲಿದವರು ಇವರು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದಾದಾಗ ಈ ಮೇಜಿಗೆ ಬಂದರು. "ಕೈಲಾಗದವಳಿಗೆ ಕೂರೋ ಕೆಲಸ ಅಂದ್ರು. ನಾನು ಕೂತಿದ್ದು ಯಾವಾಗ, ನೀವೇ ಹೇಳಿ?" ದಿನಕ್ಕೆ ಎಂಟುನೂರು ಅಂಗಿ, ಅಷ್ಟೂ ಹಾಲುಗಲ್ಲದ ಮಕ್ಕಳವು. ಸಂಜೆಗೆ ಬಲಭುಜ ಎತ್ತಲು ಬರುವುದಿಲ್ಲ, ತಲೆ ಬಾಚಲು ಸೊಸೆಯೇ ಬೇಕು. ಇಷ್ಟಾಗಿ ಎಂಟು ವರ್ಷದಲ್ಲಿ ಸಿಕ್ಕಿದ್ದು ಹನ್ನೊಂದು ಚೂರು. "ಏನೂ ಸಿಗದ ದಿನವೇ ಒಳ್ಳೇ ದಿನ," ಎನ್ನುತ್ತಾರೆ.

ಆದರೆ ಈವತ್ತು ಅಂಥ ದಿನವಲ್ಲ. ಸೂಜಿ ಮುರಿದರೆ ಅಷ್ಟೂ ಚೂರು ತಂದು ಕಾಗದಕ್ಕೆ ಅಂಟಿಸಿ ತೋರಿಸಿದ ಮೇಲೇ ಹೊಸ ಸೂಜಿ, ಇದು ಇಲ್ಲಿಯ ನಿಯಮ. ಕೆಲಸಕ್ಕೆ ಸೇರಿ ಒಂದು ವಾರವಾದ, ಎರಡು ಮಕ್ಕಳ ತಾಯಿಯೊಬ್ಬರು ನಿನ್ನೆ ಸಂಜೆ ಸೂಜಿ ಮುರಿದುಕೊಂಡಿದ್ದಾರೆ. ಬೈಗುಳಕ್ಕೆ ಹೆದರಿ ಚೂರುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ, ಮನೆಯಿಂದ ತಂದಿದ್ದ ಸೂಜಿ ಸಿಕ್ಕಿಸಿ ಹೊಲಿದು ಮುಗಿಸಿದ್ದಾರೆ. ಮನಸ್ಸು ತಡೆಯದೆ ಈಗ ಓಡಿಬಂದು ಗಂಟು ಬಿಚ್ಚಿ ನಿಂತಿದ್ದಾರೆ. ಬುಡವಿದೆ, ನಡುವಿದೆ, ಮೊನೆ ಇಲ್ಲ. ನಿನ್ನೆ ಅವರ ಕೈ ದಾಟಿ ಹೋದ ನಾನೂರ ಹನ್ನೆರಡು ಅಂಗಿಗಳಲ್ಲಿ ಯಾವುದರಲ್ಲೋ ಅದಿದೆ. ಹತ್ತು ಗಂಟೆಗೆ ಲಾರಿ.

"ಅಳ್ಬೇಡ ಕಣೇ. ಹೇಳಿದ್ಯಲ್ಲ, ಸಾಕು. ಮೊದಲು ಮುಖ ತೊಳ್ಕೊಂಡು ಬಾ," ಎಂದು ಅಕ್ಕ ಮೊದಲ ಅಂಗಿ ಹರಡುತ್ತಾರೆ.

ಒಂಬತ್ತೂವರೆಗೆ ಅಷ್ಟೂ ಅಂಗಿ ಮುಗಿಯುತ್ತವೆ. ಯಂತ್ರ ಒಮ್ಮೆಯೂ ಬಾಯಿ ಬಿಟ್ಟಿಲ್ಲ. "ಎಲ್ಲೋ ನೆಲದ ಮೇಲೆ ಬಿದ್ದಿರುತ್ತೆ ಬಿಡಕ್ಕ. ಲೋಡ್ ಮಾಡ್ಸಿ!" ಎನ್ನುತ್ತಾರೆ ಸೂಪರ್‌ವೈಸರ್.

ಅಕ್ಕ ಕದಲುವುದಿಲ್ಲ. "ತಪ್ಪು ನಂದೇ. ನೀವು ಲಾರಿ ಲಾರಿ ಅಂತ ಬಡ್ಕೊಂಡ್ರಿ, ನಾನೂ ಅವಸರಕ್ಕೆ ಬಿದ್ದೆ. ದಿನಾ ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ ಆಡಿಸೋಳು ಇವತ್ತು ಬರೀ ಉದ್ದಕ್ಕೆ ಆಡಿಸ್ದೆ. ಮೊನೆ ನನ್ನ ಕೈ ಹೋದ ದಿಕ್ಕಿಗೇ ಮಲಗಿದ್ರೆ ತಪ್ಪಿಸ್ಕೊಳ್ಳುತ್ತೆ ಕಳ್ಳಮುಂಡೇದು. ಇನ್ನೊಂದು ಸಲ ಆಗ್ಬೇಕು."

"ಲಾರಿಯವನು ಕಾಯ್ತಾನಾ?"

"ಕಾಯ್ಲಿ. ಅವನ ಮಗೂಗೆ ಚುಚ್ಚಿದ್ರೆ ಸುಮ್ನಿರ್ತಾನಾ, ಕೇಳ್ಕೊಂಡು ಬನ್ನಿ."

ಕೇಳಲು ಯಾರೂ ಹೋಗುವುದಿಲ್ಲ. ಕೆಳಗೆ ಹಾರನ್ ಬಡಿದುಕೊಳ್ಳುತ್ತಿದೆ. ಸೂಪರ್‌ವೈಸರ್ ಗೊಣಗುತ್ತಾ, ಕೊನೆಗೆ ತಾವೇ ಅಂಗಿ ಹರಡಿ ಕೊಡಲು ನಿಲ್ಲುತ್ತಾರೆ. ನಾನು ಆಚೆ ನಿಂತೇ ಅಂಗಿ ಎಣಿಸುತ್ತಿದ್ದೇನೆ. ಇನ್ನೂರ ಅರವತ್ತೇಳನೆಯದು ಹಳದಿ ಅಂಗಿ. ಕತ್ತಿನ ಪಟ್ಟಿಯ ಮೇಲೆ ಯಂತ್ರ ಬಂದದ್ದೇ, ಕುಂಯ್!

ಅಕ್ಕ ಉಗುರಿನಿಂದಲೇ ಹೊಲಿಗೆ ಬಿಡಿಸುತ್ತಾರೆ. ಮಡಿಕೆಯೊಳಗೆ, ಮಗುವಿನ ಗಂಟಲು ತಾಗುವ ಕಡೆಗೇ, ಜೀರಿಗೆಗಿಂತ ಚಿಕ್ಕ ಮೊನೆ. ಅದನ್ನು ಕಾಗದಕ್ಕೆ ಅಂಟಿಸಿ, ಉಳಿದ ಚೂರುಗಳಿಗೆ ಜೋಡಿಸಿ ನೋಡುತ್ತಾರೆ. ಸೂಜಿ ಪೂರ್ತಿಯಾಯಿತು. ಹೊಲಿದವರು ಮುಖ ಮುಚ್ಚಿಕೊಂಡು ಬಿಕ್ಕುತ್ತಾರೆ. "ಇವರದೂ ತಪ್ಪೇ," ಎಂದು ಸೂಪರ್‌ವೈಸರ್ ಬಾಯಿ ತೆರೆಯುವಷ್ಟರಲ್ಲಿ, "ತಾನೇ ಬಂದು ಹೇಳಿದ್ದೂ ಇವಳೇ. ಎರಡನ್ನೂ ಬರ್ಕೊಳ್ಳಿ," ಎನ್ನುತ್ತಾರೆ ಅಕ್ಕ. ಉಳಿದ ನೂರ ನಲವತ್ತೈದು ಅಂಗಿಗಳನ್ನೂ ಅಡ್ಡಕ್ಕೆ ಆಡಿಸಿಯೇ ಬಿಡುತ್ತಾರೆ.

ಲಾರಿ ಹೊರಟ ಮೇಲೆ ಭುಜ ನೀವಿಕೊಳ್ಳುತ್ತಿದ್ದವರನ್ನು, ನಿಮಗೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ನಾಚಿಕೊಳ್ಳುತ್ತಾರೆ.

"ಇವೆಲ್ಲ ಎಲ್ಲೆಲ್ಲೋ ದೂರ ಹೋಗ್ತವೆ ಸಾರ್. ಹಾಕ್ಕೊಂಡಿರೋ ಒಂದು ಮಗೂನೂ ನಾನಿನ್ನೂ ಕಂಡಿಲ್ಲ. ಎಲ್ಲಾದ್ರೂ ಸಿಕ್ರೆ ಎತ್ಕೊಂಡು, ಕತ್ತಿನ ಪಟ್ಟಿ ಹತ್ರ ಗಟ್ಟಿಯಾಗಿ ಕೆನ್ನೆ ಒತ್ಬೇಕು. ಏನೂ ಚುಚ್ಚಲ್ಲ ಅಂತ ನಂಗೊತ್ತಲ್ಲ."