ಬಟ್ಟೆ ತಂತಿಯ ಸೂರಕ್ಕಿ

ಹಾಲಿನ ಅಕ್ಕನ ಬಲಗೈ ಹೆಬ್ಬೆರಳು ಒಳಕ್ಕೆ ಬಾಗಿಹೋಗಿತ್ತು. ಚಿಕ್ಕಂದಿನಿಂದ ಹಸು ಕರೆದೂ ಕರೆದೂ ಹಾಗಾಗಿತ್ತು. ಬೇತಮಂಗಲದ ಕಡೆಯ ತನ್ನ ಹಳ್ಳಿಯಿಂದ ಮೊದಲ ಬಸ್ಸಿಗೆ ಕ್ಯಾನು ಹೊತ್ತು ರಾಬರ್ಟ್‌ಸನ್‌ಪೇಟೆಗೆ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಹಾಲು ಅಳೆಯುವ ಮೊದಲು ಹಿತ್ತಲಿಗೆ ಹೋಗಿ ಗಿಡಗಳನ್ನು ನೋಡಿಕೊಂಡು ಬರಬೇಕು ಅವಳಿಗೆ.

ನಾನೋ, ಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳ ಉಗುರು ಪರೀಕ್ಷಿಸಿದವಳು. ಕಸ ಕಂಡರೆ ಮೈ ಉರಿಯುತ್ತದೆ. ಯಜಮಾನರಿಗೆ ಪಾರ್ಶ್ವವಾಯು ಬಡಿದು ಮಾತು ಹೋದ ಮೇಲೆ ಅವರ ಕುರ್ಚಿ ಹಿತ್ತಲ ಬಾಗಿಲಿಗೆ ಬಂತು. ಯಾವುದರ ಮೇಲೂ ಆಸೆಯಿಲ್ಲದ ಹಾಗೆ ಕೂತಿರುತ್ತಿದ್ದರು. ದಾಸವಾಳದ ಜೇನು ಹೀರಲು ಪುಟ್ಟ ಸೂರಕ್ಕಿ ಬಂದಾಗ ಮಾತ್ರ ಕಣ್ಣು ಅದರ ಹಿಂದೆ ಓಡುತ್ತಿತ್ತು. ಅದು ದಿನಾ ಬರಲಿ ಎಂದು ಸಕ್ಕರೆ ನೀರು ತುಂಬಿದ ಕೆಂಪು ಬಾಟಲಿ ತೂಗುಹಾಕಿದೆ. ಬಂದದ್ದು ಇರುವೆ.

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಓಟ್ಲು ಇಕ್ಕಿದ್ರೆ ಬತ್ತಾವಾ ಟೀಚರಮ್ಮ? ಒಂದು ಮೂಲೆ ಗುಡಿಸ್ದೆ ಬಿಟ್ಬುಡಿ. ಜೇಡನ ಬಲೆ ತೆಗೀಬೇಡಿ. ಗೂಡು ಕಟ್ಟಾಕೆ ಅದುಕ್ಕೆ ಅದೇ ದಾರ.”

ಕೇಳಿದವರು ಯಾರು? ಯುಗಾದಿಯ ಹಿಂದಿನ ದಿನ ಧೂಳು ಹೊಡೆಯುವಾಗ, ಬಟ್ಟೆ ತಂತಿಯಿಂದ ನಾರು, ಒಣಗಿದೆಲೆ, ಬಲೆ ಸುತ್ತಿಕೊಂಡು ಏನೋ ಕೊಳೆ ನೇತಾಡುತ್ತಿತ್ತು. ಯಜಮಾನರು ಸ್ವಾಧೀನವಿದ್ದ ಕೈಯಿಂದ ಕುರ್ಚಿಯನ್ನು ಬಡಿಯತೊಡಗಿದರು. ಕಾಫಿಗೆ ಅವಸರ ಅಂದುಕೊಂಡೆ. ಪೊರಕೆಯಿಂದ ಒಂದು ಬಾರಿಸಿದೆ. ಕೆಳಗೆ ಬಿದ್ದದ್ದು ಗೂಡು. ಒಳಗೆ ಎರಡು ಮೊಟ್ಟೆ, ಎರಡೂ ಒಡೆದಿದ್ದವು. ಅವರು ಗೋಡೆಯ ಕಡೆ ಮುಖ ಮಾಡಿ ಕೂತರು. ನನ್ನ ಕೈಯ ಒಬ್ಬಟ್ಟಿಗೂ ಬಾಯಿ ತೆರೆಯಲಿಲ್ಲ. ಮದುವೆಯಾದ ಮೇಲೆ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ವಿಷಯ ತಿಳಿದ ಅಕ್ಕ ನನ್ನನ್ನು ಬೈಯಲಿಲ್ಲ. ನೇರ ಅವರ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತಳು. “ಯಜಮಾನ್ರೇ, ಟೀಚರಮ್ಮನ ಮ್ಯಾಲೆ ಕ್ವಾಪ ಬ್ಯಾಡ. ನಾನೂ ಇಂಗೇ ಒಂದ್ಸಲ ಕೆಡವಿದ್ದೆ. ನಾವು ಸುಮ್ಕಿದ್ರೆ ತಿರುಗಾ ಕಟ್ತಾವೆ.” ಎದ್ದವಳೇ ನನ್ನ ಪೊರಕೆ ಎತ್ತಿಕೊಂಡು ಖಾಲಿ ಕ್ಯಾನಿನ ಜೊತೆ ಬಸ್ಸು ಹತ್ತಿದಳು. ಅದನ್ನು ವಾಪಸು ನಾನು ಕೇಳಲೂ ಇಲ್ಲ, ಅವಳು ಕೊಡಲೂ ಇಲ್ಲ.

ಕೆಲವು ವಾರ ಕಳೆದ ಮೇಲೆ ಅದೇ ತಂತಿಯಲ್ಲಿ ಮತ್ತೆ ನಾರು ಜೋತುಬಿತ್ತು. ನಾನು ಬಟ್ಟೆಯನ್ನು ತಾರಸಿಗೆ ಒಯ್ದೆ. ಅಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಳು. ಅವಳ ಸೊಸೆ ಹಾಲು ತರುತ್ತಿದ್ದಳು. “ಗೂಡು ಏನಾಯ್ತು ಅಂತ ನಮ್ಮತ್ತೆ ದಿನಾ ಕೇಳ್ತದೆ” ಎನ್ನುತ್ತಿದ್ದಳು.

ಗೂಡಿನ ಎರಡು ಮರಿಗಳೂ ಹಾರಿದ ಬೆಳಿಗ್ಗೆ ಸೊಸೆ ಬರಲಿಲ್ಲ. ಮರಿಗಳು ಹಾರಿದ್ದು ಕಂಡು ಯಜಮಾನರು ಗಟ್ಟಿಯಾಗಿ ನಕ್ಕರು, ನನ್ನ ಮುಖ ನೋಡಿಕೊಂಡೇ ನಕ್ಕರು. ಸುದ್ದಿಯನ್ನು ನಾನೇ ಹೇಳಬೇಕೆಂದು ಬಸ್ಸು ಹತ್ತಿದೆ. ಅಕ್ಕನ ಮನೆಯ ಮುಂದೆ ಜನ ನಿಂತಿದ್ದರು. ನಸುಕಿನಲ್ಲಿ ಹೋಗಿಬಿಟ್ಟಿದ್ದಳು. ಆದರೂ ಕಿವಿಯ ಹತ್ತಿರ ಬಾಗಿ, “ಎರಡೂ ಹಾರಿದವು ಅಕ್ಕ” ಎಂದೆ.

ಸಂಜೆ ಮನೆಗೆ ಬಂದಾಗ ಯಜಮಾನರು ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಹೇಳಿದೆಯಾ ಎಂದು ಕಣ್ಣಲ್ಲೇ ಕೇಳಿದರು. ಹೇಳಿದೆ, ಕೇಳಿ ತುಂಬಾ ನಕ್ಕಳು ಎಂದೆ.